611 ಖಾತೆ ತೆರೆದವು, ಒಬ್ಬರಿಗೂ ಲಾಗಿನ್ ಆಗಲಿಲ್ಲ

ಸೋಮವಾರ ಬೆಳಗ್ಗೆ ಒಂಬತ್ತೂವರೆಗೆ ಮೊದಲ ಫೋನ್ ಬಂತು. ಪಾಸ್‌ವರ್ಡ್ ತಪ್ಪು ಅಂತ ತೋರಿಸುತ್ತಿದೆ ಅಂದರು. ಟೈಪ್ ಮಾಡುವಾಗ ಎಲ್ಲೋ ತಪ್ಪಿರಬೇಕು, ಚೀಟಿ ನೋಡಿಕೊಂಡು ಇನ್ನೊಮ್ಮೆ ಹಾಕಿ ಅಂದೆ. ಹತ್ತು ಗಂಟೆ ಹೊತ್ತಿಗೆ ಹೆಲ್ಪ್‌ಡೆಸ್ಕ್‌ನಲ್ಲಿ ಕೂರುವ ಸಹೋದ್ಯೋಗಿ ನನ್ನ ಮೇಜಿನ ಹತ್ತಿರವೇ ಬಂದು ನಿಂತರು. "ಸರ್, ಇದು ಒಬ್ಬಿಬ್ಬರ ಕಥೆ ಅಲ್ಲ. ಹೊಸಬರು ಯಾರಿಗೂ ಆಗ್ತಿಲ್ಲ."

ಹಿಂದಿನ ರಾತ್ರಿ, ಹೊಸಬರ ಮೇಲ್ ಖಾತೆಗಳನ್ನು ಒಟ್ಟಿಗೆ ತೆರೆಯಲು ಬರೆದ ನನ್ನ ಸ್ಕ್ರಿಪ್ಟ್ (ಸಣ್ಣ ಪ್ರೋಗ್ರಾಂ) ಓಡಿ ಮುಗಿದಾಗ ಪರದೆಯ ಮೇಲೆ ಎರಡು ಸಾಲು ಬಂದಿದ್ದವು. ತೆರೆದ ಖಾತೆ 611, ದೋಷ 0. ಅದನ್ನು ನೋಡಿ ನೆಮ್ಮದಿಯಾಗಿ ಮಲಗಿದ್ದೆ.

ಸಂದರ್ಭ ಇಷ್ಟೇ. ಎರಡು ಸಂಸ್ಥೆಗಳು ಒಂದಾಗಿದ್ದವು. ಆ ಕಡೆಯ 612 ಜನರಿಗೂ ನಮ್ಮ ಡೊಮೇನ್‌ನಲ್ಲಿ ಮೇಲ್ ವಿಳಾಸ ಸೋಮವಾರದ ಒಳಗೆ ಬೇಕಿತ್ತು. ನಮ್ಮಲ್ಲಿ ಮೇಲ್ ಬರಮಾಡಿಕೊಳ್ಳುವುದು ಪೋಸ್ಟ್‌ಫಿಕ್ಸ್. ಪೆಟ್ಟಿಗೆಯಲ್ಲಿ ಇಟ್ಟು ಓದಲು ಕೊಡುವುದು ಡವ್‌ಕಾಟ್. ಯಾರಿಗೆ ಖಾತೆ ಇದೆ, ಪಾಸ್‌ವರ್ಡ್ ಏನು, ಎಷ್ಟು ಜಾಗ, ಚಾಲ್ತಿಯಲ್ಲಿ ಇದೆಯೋ ಇಲ್ಲವೋ ಎಂಬುದೆಲ್ಲ ಮರಿಯಾಡಿಬಿ ಎಂಬ ಡೇಟಾಬೇಸ್‌ನ ಒಂದು ಟೇಬಲ್‌ನಲ್ಲಿ ಇರುತ್ತದೆ. ಎರಡೂ ಪ್ರೋಗ್ರಾಂಗಳು ಆ ಟೇಬಲ್ ಅನ್ನೇ ಕೇಳುತ್ತವೆ. ಹಾಗಾಗಿ ಖಾತೆ ತೆರೆಯುವುದು ಅಂದರೆ ಆ ಟೇಬಲ್‌ಗೆ ಒಂದು ಸಾಲು ಸೇರಿಸುವುದು, ಅಷ್ಟೇ. ಅಲ್ಲಿಯವರೆಗೆ ಅದನ್ನು ವೆಬ್ ಪ್ಯಾನೆಲ್‌ನಲ್ಲಿ ಒಂದೊಂದಾಗಿ ಮಾಡುತ್ತಿದ್ದೆವು. ಒಂದಕ್ಕೆ ಎರಡು ನಿಮಿಷ ಅಂದರೂ 612ಕ್ಕೆ 20 ಗಂಟೆ. ಸ್ಕ್ರಿಪ್ಟ್ ಬರೆಯದೆ ಬೇರೆ ದಾರಿ ಇರಲಿಲ್ಲ.

ಯೂನಿಕ್ಸ್ ಆಜ್ಞೆಗಳ ಭಾಷೆಯಾದ ಬ್ಯಾಶ್‌ನಲ್ಲಿ ಮೂವತ್ತು ಸಾಲಿನ ಸ್ಕ್ರಿಪ್ಟ್ ಬರೆದೆ. ಆಫೀಸಿನಿಂದ ಬಂದ, ಕಾಲಂಗಳ ನಡುವೆ ಅಲ್ಪವಿರಾಮ ಇರುವ ಸಿಎಸ್‌ವಿ ಫೈಲನ್ನು ಸಾಲುಸಾಲಾಗಿ ಓದುತ್ತದೆ. ಅಲ್ಪವಿರಾಮದಲ್ಲಿ ಕತ್ತರಿಸಿ ವಿಳಾಸ, ಹೆಸರು, ಕೋಟಾ (ಎಷ್ಟು ಜಾಗ), ಪಾಸ್‌ವರ್ಡ್ ಬೇರೆ ಮಾಡುತ್ತದೆ. ಡವ್‌ಕಾಟ್‌ನದೇ ಡವ್‌ಅಡ್ಮ್ ಆಜ್ಞೆಯಿಂದ ಪಾಸ್‌ವರ್ಡ್‌ಗೆ ಹ್ಯಾಶ್ (ಮೂಲವನ್ನು ತಿರುಗಿ ಪಡೆಯಲಾಗದ ಗುರುತು) ಮಾಡಿಸಿ, ಇನ್‌ಸರ್ಟ್ (ಸೇರಿಸು) ಸಾಲುಗಳನ್ನು ಡೇಟಾಬೇಸ್ ಭಾಷೆಯಾದ ಎಸ್‌ಕ್ಯೂಎಲ್‌ನಲ್ಲಿ ಒಂದು ಫೈಲ್‌ಗೆ ಬರೆದು, ಕೊನೆಗೆ ಆ ಫೈಲನ್ನು ಡೇಟಾಬೇಸ್‌ಗೆ ಉಣಿಸುತ್ತದೆ. ಶುಕ್ರವಾರ ಮೂರು ಸುಳ್ಳು ಹೆಸರು ಹಾಕಿ ಪ್ರಯೋಗ ಮಾಡಿದೆ. ಮೂರೂ ಖಾತೆಗೆ ಲಾಗಿನ್ ಆಯಿತು, ಮೇಲ್ ಹೋಯಿತು, ಬಂತು. ಭಾನುವಾರ ರಾತ್ರಿ ನಿಜವಾದ ಪಟ್ಟಿ ಕೊಟ್ಟು ಓಡಿಸಿದೆ.

ಈಗ ಸೋಮವಾರಕ್ಕೆ ಬರೋಣ. ಮೊದಲು ನೋಡಿದ್ದು ಡವ್‌ಕಾಟ್‌ನ ಲಾಗ್, ಅಂದರೆ ನಡೆದದ್ದರ ದಾಖಲೆ. ಲಾಗಿನ್ ಆಗದಿದ್ದರೆ ಅದು ಎರಡು ಬೇರೆ ಬೇರೆ ಮಾತು ಹೇಳುತ್ತದೆ. ಖಾತೆಯೇ ಇಲ್ಲದಿದ್ದರೆ 'ಅನ್‌ನೋನ್ ಯೂಸರ್'. ಖಾತೆ ಇದ್ದು ಪಾಸ್‌ವರ್ಡ್ ಹೊಂದದಿದ್ದರೆ 'ಪಾಸ್‌ವರ್ಡ್ ಮಿಸ್‌ಮ್ಯಾಚ್'. ಬಳಕೆದಾರರಿಗೆ ಈ ವ್ಯತ್ಯಾಸ ತೋರಿಸಬಾರದು, ಸರಿ. ಆದರೆ ನಮಗೆ ಅರ್ಧ ದಾರಿ ಉಳಿಸುವುದು ಇದೇ. ಲಾಗ್ ತುಂಬ ಮಿಸ್‌ಮ್ಯಾಚ್. ಅಂದರೆ ಸಾಲು ಸೇರಿದೆ, ವಿಳಾಸ ಸರಿ ಇದೆ, ಹ್ಯಾಶ್ ಮಾತ್ರ ಬೇರೆ ಯಾವುದೋ ಪಾಸ್‌ವರ್ಡ್‌ನದು.

ಟೇಬಲ್ ತೆಗೆದು ನೋಡಿದೆ. ಹ್ಯಾಶ್‌ಗಳೆಲ್ಲ ನೋಡಲು ಸರಿಯಾಗಿಯೇ ಇದ್ದವು. ಎಸ್‌ಎಚ್‌ಎ512-ಕ್ರಿಪ್ಟ್ ಎಂಬ ವಿಧಾನದ ಗುರುತು, ಡಾಲರ್ 6, ಉದ್ದ, ಎಲ್ಲ ಸರಿ. ಹ್ಯಾಶ್‌ನ ತೊಂದರೆಯೇ ಇದು. ಒಳಗೆ ಏನು ಹೋಗಿದೆ ಅಂತ ಹೊರಗಿನಿಂದ ಕಾಣುವುದಿಲ್ಲ. ಕಾಣಬಾರದು ಅಂತಲೇ ಅದನ್ನು ಮಾಡಿರುವುದು. ಅದೇ ಪಾಸ್‌ವರ್ಡ್‌ಗೆ ಇನ್ನೊಮ್ಮೆ ಹ್ಯಾಶ್ ಮಾಡಿ ಹೋಲಿಸೋಣ ಅಂದರೆ, ಪ್ರತಿ ಸಲ ಹೊಸ ಸಾಲ್ಟ್ (ಮನಬಂದಂತೆ ಆರಿಸಿದ ಅಕ್ಷರಗಳು) ಬೆರೆಯುವುದರಿಂದ ಪ್ರತಿ ಸಲ ಬೇರೆಯೇ ಬರುತ್ತದೆ. ಡವ್‌ಅಡ್ಮ್‌ನ ಆಥ್ ಟೆಸ್ಟ್ ಆಜ್ಞೆಗೆ ಚೀಟಿಯಲ್ಲಿದ್ದ ಪಾಸ್‌ವರ್ಡ್ ಕೊಟ್ಟೆ. ಅಲ್ಲೂ ಸೋಲು. ಅಂದರೆ ಜನ ತಪ್ಪು ಟೈಪ್ ಮಾಡುತ್ತಿರಲಿಲ್ಲ. ಬೆಳಗ್ಗೆ ಫೋನ್ ಮಾಡಿದವರಿಗೆ ನಾನು ಕೊಟ್ಟ ಉತ್ತರ ನೆನೆದು ಸ್ವಲ್ಪ ನಾಚಿಕೆಯಾಯಿತು.

ಶುಕ್ರವಾರದ ಮೂರು ಪ್ರಯೋಗ ಖಾತೆಗಳಿಗೆ ಮಾತ್ರ ಈಗಲೂ ಲಾಗಿನ್ ಆಗುತ್ತಿತ್ತು. ಅದೇ ಸ್ಕ್ರಿಪ್ಟ್, ಅದೇ ಸರ್ವರ್. ಬೇರೆ ಇದ್ದದ್ದು ಒಂದೇ: ಫೈಲ್. ಪ್ರಯೋಗದ ಫೈಲನ್ನು ನಾನೇ ಸರ್ವರ್ ಮೇಲೆ ಕೂತು ಟೈಪ್ ಮಾಡಿದ್ದೆ. ನಿಜವಾದ ಪಟ್ಟಿ ಸ್ಪ್ರೆಡ್‌ಶೀಟ್‌ನಿಂದ, ವಿಂಡೋಸ್ ಯಂತ್ರದಲ್ಲಿ ಸೇವ್ ಆಗಿ ಬಂದಿತ್ತು. ಕಾಣದ ಅಕ್ಷರಗಳನ್ನೂ ತೋರಿಸು ಅಂತ ಹೇಳಿ ಕ್ಯಾಟ್ ಆಜ್ಞೆಯಲ್ಲಿ ತೆರೆದೆ. ಪ್ರತಿ ಸಾಲಿನ ಕೊನೆಯಲ್ಲಿ, ಪಾಸ್‌ವರ್ಡ್‌ಗೆ ಅಂಟಿಕೊಂಡು, ಕ್ಯಾರೆಟ್ ಎಂ ಎಂಬ ಗುರುತು ಕೂತಿತ್ತು.

ಅದು ಕ್ಯಾರಿಯೇಜ್ ರಿಟರ್ನ್. ಟೆಲಿಪ್ರಿಂಟರ್ ಕಾಲದ ಅಕ್ಷರ. ಮುದ್ರಿಸುವ ತಲೆಯನ್ನು ಎಡಕ್ಕೆ ತರಲು ಒಂದು ಸಂಕೇತ, ಕಾಗದವನ್ನು ಒಂದು ಸಾಲು ಮೇಲೆ ಸರಿಸಲು ಇನ್ನೊಂದು. ವಿಂಡೋಸ್ ಸಾಲು ಮುಗಿಸಲು ಇವತ್ತಿಗೂ ಎರಡನ್ನೂ ಹಾಕುತ್ತದೆ, ಸಂಖ್ಯೆ 13 ಮತ್ತು 10. ಯೂನಿಕ್ಸ್ ಮೊದಲಿನಿಂದಲೂ 10 ಒಂದನ್ನೇ ಹಾಕುತ್ತದೆ. ಬ್ಯಾಶ್‌ನ ರೀಡ್ 10 ಅನ್ನು ತೆಗೆದುಹಾಕುತ್ತದೆ, 13 ಅನ್ನು ಮುಟ್ಟುವುದಿಲ್ಲ. ಅದು ಕೊನೆಯ ಕಾಲಂಗೆ ಅಂಟಿಕೊಂಡು ಉಳಿಯುತ್ತದೆ. ನನ್ನ ಕೊನೆಯ ಕಾಲಂ ಪಾಸ್‌ವರ್ಡ್. ಹಾಗಾಗಿ ಚೀಟಿಯಲ್ಲಿ 14 ಅಕ್ಷರ ಇದ್ದರೆ ಹ್ಯಾಶ್‌ನ ಒಳಗೆ 15 ಇತ್ತು. ಆ ಹದಿನೈದನೆಯದನ್ನು ಯಾವ ಕೀಲಿಮಣೆಯಿಂದಲೂ ಪಾಸ್‌ವರ್ಡ್ ಪೆಟ್ಟಿಗೆಗೆ ಟೈಪ್ ಮಾಡಲಾಗದು. ತಮಾಷೆ ಎಂದರೆ, ಮೇಲ್ ಸಾಗಿಸುವ ಎಸ್‌ಎಂಟಿಪಿ ನಿಯಮದಲ್ಲಿ ಪ್ರತಿ ಸಾಲೂ 13 ಮತ್ತು 10ರಿಂದಲೇ ಮುಗಿಯಬೇಕು. ಅಲ್ಲಿ ಕಡ್ಡಾಯವಾದದ್ದೇ ಇಲ್ಲಿ ಮುಳ್ಳಾಯಿತು.

ಒಂದು ಲೆಕ್ಕದಲ್ಲಿ ಅದೃಷ್ಟ ಅಂತಲೇ ಹೇಳಬೇಕು. ಕೊನೆಯ ಕಾಲಂ ಪಾಸ್‌ವರ್ಡ್ ಆಗಿರದೆ ವಿಭಾಗದ ಹೆಸರೋ ಮತ್ತೊಂದೋ ಆಗಿದ್ದರೆ ಆ ಅಕ್ಷರ ತಿಂಗಳುಗಟ್ಟಲೆ ಸುಮ್ನೆ ಟೇಬಲ್‌ನಲ್ಲಿ ಕೂತಿರುತ್ತಿತ್ತು.

ಇನ್ನೂ ಎರಡು ತಪ್ಪು ಅದೇ ಫೈಲ್‌ನಲ್ಲಿ ಸಿಕ್ಕವು. ಮೊದಲ ಸಾಲಿನ ಆರಂಭದಲ್ಲಿ ಮೂರು ಬೈಟ್‌ಗಳ ಬಿಒಎಂ ಗುರುತು ಇತ್ತು. ಫೈಲ್ ಯಾವ ಅಕ್ಷರ ಸಂಕೇತದಲ್ಲಿದೆ ಅಂತ ಹೇಳುವ, ಕಣ್ಣಿಗೆ ಕಾಣದ ಗುರುತು ಅದು. ಯುಟಿಎಫ್-8 ಸಿಎಸ್‌ವಿ ಅಂತ ಸೇವ್ ಮಾಡಿದರೆ ಎಕ್ಸೆಲ್ ಇದನ್ನು ಸೇರಿಸುತ್ತದೆ. ಅದು ಮೊದಲ ವ್ಯಕ್ತಿಯ ವಿಳಾಸಕ್ಕೆ ಅಂಟಿಕೊಂಡು, ಆ ಒಬ್ಬರಿಗೆ ಮಾತ್ರ ಮಿಸ್‌ಮ್ಯಾಚ್ ಬದಲು ಅನ್‌ನೋನ್ ಯೂಸರ್ ಬರುತ್ತಿತ್ತು. ಇನ್ನೊಂದು ಕೊನೆಯ ಸಾಲಿನದು. 612 ಜನ, ಆದರೆ 611 ಖಾತೆ. ಭಾನುವಾರ ರಾತ್ರಿಯೇ ಆ 611 ನೋಡಿ ಒಂದು ಕ್ಷಣ ತಡೆದಿದ್ದೆ. ಫೈಲ್‌ನ ಸಾಲು ಎಣಿಸಿದೆ. ಡಬ್ಲ್ಯೂಸಿ ಆಜ್ಞೆಯೂ 611 ಅಂತಲೇ ಹೇಳಿತು. ಆಫೀಸಿನವರು ಒಂದು ಜಾಸ್ತಿ ಎಣಿಸಿರಬೇಕು ಅಂದುಕೊಂಡೆ. ನಿಜ ಏನೆಂದರೆ, ಕೊನೆಯ ಸಾಲಿನ ಕೊನೆಯಲ್ಲಿ ಸಾಲು ಮುಗಿಸುವ ಅಕ್ಷರವೇ ಇರಲಿಲ್ಲ. ಡಬ್ಲ್ಯೂಸಿ ಎಣಿಸುವುದು ಆ ಅಕ್ಷರಗಳನ್ನೇ ಹೊರತು ಸಾಲುಗಳನ್ನಲ್ಲ. ರೀಡ್ ಕೂಡ ಅದು ಸಿಗದಿದ್ದರೆ ಓದಿದ್ದನ್ನು ಇಟ್ಟುಕೊಂಡೇ 'ಮುಗಿಯಿತು' ಎಂದು ತಿಳಿಸಿ ಲೂಪ್‌ನಿಂದ ಹೊರಬರುತ್ತದೆ. ಎರಡೂ ಒಂದೇ ಕಾರಣಕ್ಕೆ ತಪ್ಪಿದ್ದವು, ಅದಕ್ಕೇ ಒಂದಕ್ಕೊಂದು ತಾಳೆಯಾದವು. ಆ ಕೊನೆಯ ಸಾಲಿಗೆ ಕ್ಯಾರಿಯೇಜ್ ರಿಟರ್ನ್ ಕೂಡ ಇರಲಿಲ್ಲ. ಖಾತೆ ತೆರೆದಿದ್ದರೆ 612 ಜನರಲ್ಲಿ ಲಾಗಿನ್ ಆಗುತ್ತಿದ್ದವರು ಅವರೊಬ್ಬರೇ.

ಕಾರಣ ಸಿಕ್ಕಿತು. ಅಂಟಿದ ಅಕ್ಷರ ತೆಗೆದು ಹೊಸ ಹ್ಯಾಶ್ ಮಾಡಿ ಎಲ್ಲ ಸಾಲಿಗೂ ಒಂದೇ ಅಪ್‌ಡೇಟ್ ಕೊಟ್ಟರೆ ಮುಗಿಯಿತು ಅಂತ ಕೈ ಹಾಕಿದ್ದೆ. ಆಗ ಹೆಲ್ಪ್‌ಡೆಸ್ಕ್‌ನವರು ಒಂದು ಮಾತು ಅಂದರು. "ಸರ್, ತುರ್ತು ಅಂದವರಿಗೆ ನಾನು ಪ್ಯಾನೆಲ್‌ನಲ್ಲಿ ಹೊಸ ಪಾಸ್‌ವರ್ಡ್ ಕೊಟ್ಟಿದ್ದೀನಿ. ಇಪ್ಪತ್ಮೂರು ಜನ." ಆ ಮಾತು ಬರದಿದ್ದರೆ, ಒದ್ದಾಡಿ ಒಳಗೆ ಹೋಗಿದ್ದ 23 ಜನರನ್ನು ನಾನು ಮತ್ತೆ ಹೊರಗೆ ಹಾಕುತ್ತಿದ್ದೆ.

ಅವರ ಪಟ್ಟಿ ಕೇಳಿ ಬಿಟ್ಟುಬಿಡಬಹುದಿತ್ತು. ಆದರೆ ನಾನು ಅಪ್‌ಡೇಟ್ ಓಡಿಸುವ ಹೊತ್ತಿಗೆ ಇಪ್ಪತ್ನಾಲ್ಕನೆಯವರು ಬಂದಿರಬಹುದು, ಅಲ್ವಾ. ಅದಕ್ಕೆ ಷರತ್ತನ್ನು ಅಪ್‌ಡೇಟ್ ಒಳಗೇ ಇಟ್ಟೆ: ಈ ವಿಳಾಸದ ಹ್ಯಾಶ್ ಈಗಲೂ ಭಾನುವಾರ ನಾನು ಬರೆದದ್ದೇ ಆಗಿದ್ದರೆ ಮಾತ್ರ ಹೊಸದನ್ನು ಹಾಕು. ಭಾನುವಾರದ ಹ್ಯಾಶ್‌ಗಳು ಆ ಎಸ್‌ಕ್ಯೂಎಲ್ ಫೈಲ್‌ನಲ್ಲಿ ಇದ್ದವು. ಯಾವ ಮುಂದಾಲೋಚನೆಯಿಂದಲೂ ಉಳಿಸಿದ್ದಲ್ಲ, ಅಳಿಸಲು ಮರೆತಿದ್ದೆ. ಎಲ್ಲ ಅಪ್‌ಡೇಟ್‌ಗಳನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ (ಆದರೆ ಎಲ್ಲ, ಇಲ್ಲದಿದ್ದರೆ ಒಂದೂ ಇಲ್ಲ) ಕಟ್ಟಿ ಓಡಿಸಿದೆ. 587 ಸಾಲು ಬದಲಾಯಿತು, 23 ಹಾಗೇ ಉಳಿಯಿತು. ಬಿಒಎಂ ಅಂಟಿದ ಮೊದಲ ಖಾತೆಯನ್ನೂ ಬಿಟ್ಟುಹೋದ ಕೊನೆಯದನ್ನೂ ಕೈಯಿಂದ ಮಾಡಿದೆ. ಲೆಕ್ಕ 612ಕ್ಕೆ ಸರಿಹೋಯಿತು.

ಆದರೂ ಫೋನ್ ನಿಲ್ಲಲಿಲ್ಲ. ಬೆಳಗ್ಗೆಯಿಂದ ಪ್ರಯತ್ನಿಸಿ ಸೋತವರೇ ಮತ್ತೆ ಸೋಲುತ್ತಿದ್ದರು. ಮೊದಲ ಸಲ ಪ್ರಯತ್ನಿಸಿದವರಿಗೆ ಸಲೀಸಾಗಿ ಆಗುತ್ತಿತ್ತು. ನಮ್ಮ ಡವ್‌ಕಾಟ್‌ನಲ್ಲಿ ಆಥ್ ಕ್ಯಾಶ್ ಚಾಲೂ ಇಟ್ಟಿದ್ದೆವು. ಪ್ರತಿ ಲಾಗಿನ್‌ಗೂ ಡೇಟಾಬೇಸ್ ಕೇಳದೆ ಹಿಂದಿನ ಉತ್ತರವನ್ನೇ ಒಂದು ಗಂಟೆ ನೆನಪಿಟ್ಟುಕೊಳ್ಳುತ್ತದೆ. ಸೋತ ಉತ್ತರವನ್ನೂ ನೆನಪಿಟ್ಟುಕೊಳ್ಳುತ್ತದೆ. ಡವ್‌ಅಡ್ಮ್ ಆಥ್ ಕ್ಯಾಶ್ ಫ್ಲಶ್ ಎಂಬ ಒಂದು ಆಜ್ಞೆ ಕೊಟ್ಟ ಮೇಲೆ ಶಾಂತವಾಯಿತು. ಮಧ್ಯಾಹ್ನ ಹನ್ನೆರಡೂವರೆ ಆಗಿತ್ತು.

ಆ ವಾರ ಸ್ಕ್ರಿಪ್ಟನ್ನು ಪೈಥಾನ್‌ನಲ್ಲಿ ಮತ್ತೆ ಬರೆದೆ. ಬ್ಯಾಶ್‌ನಲ್ಲೂ ಸರಿಮಾಡಬಹುದಿತ್ತು. ಆದರೆ ಸಿಎಸ್‌ವಿಯನ್ನು ಅಲ್ಪವಿರಾಮದಲ್ಲಿ ಕತ್ತರಿಸುವುದೇ ತಪ್ಪು ದಾರಿ ಅಂತ ನನಗೆ ಅನಿಸಿತ್ತು. ಹೆಸರಿನ ಕಾಲಂನಲ್ಲಿ ಯಾರಾದರೂ ಅಲ್ಪವಿರಾಮ ಹಾಕಿದರೆ ಮುಂದಿನ ಕಾಲಂಗಳೆಲ್ಲ ಒಂದು ಮನೆ ಜರುಗುತ್ತವೆ. ಹೆಸರಿನ ನಡುವೆ ಅಪಾಸ್ಟ್ರಫಿ ಇದ್ದರೆ ಎಸ್‌ಕ್ಯೂಎಲ್ ಸಾಲೇ ಮುರಿಯುತ್ತದೆ. ಪೈಥಾನ್‌ನ ಸಿಎಸ್‌ವಿ ಮಾಡ್ಯೂಲ್ ಉದ್ಧರಣ ಚಿಹ್ನೆ, ಎರಡು ಬಗೆಯ ಸಾಲಿನ ಕೊನೆ ಎಲ್ಲವನ್ನೂ ತಾನೇ ನೋಡಿಕೊಳ್ಳುತ್ತದೆ. ಫೈಲ್ ತೆರೆಯುವಾಗ ಎನ್‌ಕೋಡಿಂಗ್ ಯುಟಿಎಫ್-8-ಸಿಗ್ ಅಂತ ಕೊಟ್ಟರೆ ಬಿಒಎಂ ತಾನಾಗಿ ಹೋಗುತ್ತದೆ. ಮೌಲ್ಯಗಳನ್ನು ಎಸ್‌ಕ್ಯೂಎಲ್ ಪಠ್ಯದಲ್ಲಿ ಅಂಟಿಸದೆ ಬೇರೆಯಾಗಿ, ಪ್ಯಾರಾಮೀಟರ್ ಆಗಿ ಕಳಿಸಿದರೆ ಅಪಾಸ್ಟ್ರಫಿಯ ಭಯವೂ ಇಲ್ಲ.

ಹ್ಯಾಶ್ ಮಾಡುವ ರೀತಿಯನ್ನೂ ಬದಲಿಸಿದೆ. ಮೊದಲ ಸ್ಕ್ರಿಪ್ಟ್ ಪಾಸ್‌ವರ್ಡನ್ನು ಆಜ್ಞೆಯ ಜೊತೆಗೇ ಕೊಡುತ್ತಿತ್ತು. ಆ ಯಂತ್ರದಲ್ಲಿ ಲಾಗಿನ್ ಆಗಿರುವ ಯಾರೇ ಆಗಲಿ ಅದೇ ಹೊತ್ತಿಗೆ, ಓಡುತ್ತಿರುವ ಆಜ್ಞೆಗಳನ್ನು ತೋರಿಸುವ ಪಿಎಸ್ ಹೊಡೆದರೆ ಪಾಸ್‌ವರ್ಡ್ ಕಾಣುತ್ತದೆ. ಅದರ ಮೇಲೆ ಹ್ಯಾಶ್‌ಗಳಿದ್ದ ಆ ಎಸ್‌ಕ್ಯೂಎಲ್ ಫೈಲ್ ಟೆಂಪ್ ಫೋಲ್ಡರ್‌ನಲ್ಲಿ ಎಲ್ಲರೂ ಓದುವಂತೆ ಬಿದ್ದಿತ್ತು. ಸೋಮವಾರ ಅದು ಇದ್ದದ್ದರಿಂದಲೇ ಬಚಾವಾದೆ ಎನ್ನುವುದು ಬೇರೆ ಮಾತು. ಪೈಥಾನ್‌ನಲ್ಲೇ ಇದ್ದ ಕ್ರಿಪ್ಟ್ ಮಾಡ್ಯೂಲ್ ಬಳಸುವ ಯೋಚನೆ ಇತ್ತು, ಆದರೆ ಅದನ್ನು 3.13ನೇ ಆವೃತ್ತಿಯಲ್ಲಿ ತೆಗೆದುಹಾಕಿದ್ದಾರೆ. ಈಗ ಓಪನ್‌ಎಸ್‌ಎಸ್‌ಎಲ್‌ನ ಪಾಸ್‌ವರ್ಡ್ ಆಜ್ಞೆಗೆ ಪೈಪ್ ಮೂಲಕ ಕೊಡುತ್ತೇನೆ. ಪಿಎಸ್‌ನಲ್ಲಿ ಏನೂ ಕಾಣುವುದಿಲ್ಲ.

ಇವೆಲ್ಲ ಬೇಕಾದ ಬದಲಾವಣೆಗಳೇ. ಆದರೆ ನನ್ನನ್ನು ಜಾಸ್ತಿ ಕಾಡಿದ್ದು ಆ 'ದೋಷ 0'. ಸ್ಕ್ರಿಪ್ಟ್ ಸುಳ್ಳು ಹೇಳಿರಲಿಲ್ಲ. ಇನ್‌ಸರ್ಟ್‌ಗಳಲ್ಲಿ ಒಂದೂ ಸೋತಿರಲಿಲ್ಲ. ಆದರೆ ನಾವು ಜನರಿಗೆ ಕೊಡಬೇಕಾದದ್ದು ಟೇಬಲ್‌ನ ಸಾಲಲ್ಲ, ತೆರೆಯುವ ಪೆಟ್ಟಿಗೆ. ಪ್ಯಾನೆಲ್‌ನಲ್ಲಿ ಕೈಯಿಂದ ಮಾಡುವ ಕಾಲದಲ್ಲಿ ನಾವು ಒಂದು ಕೆಲಸವನ್ನು ಕೆಲಸ ಅಂತ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಹೆಸರು ವಿಚಿತ್ರವಾಗಿದ್ದರೆ ಕಣ್ಣು ತಡೆಯುತ್ತಿತ್ತು. ಇವರಿಗೆ ಆಗಲೇ ಖಾತೆ ಇದೆಯಲ್ಲ ಅಂತ ನೆನಪಾಗುತ್ತಿತ್ತು. ಎರಡು ನಿಮಿಷದಲ್ಲಿ ಒಂದು ಮುಕ್ಕಾಲು ನಿಮಿಷ ಟೈಪಿಂಗ್, ಉಳಿದ ಕಾಲು ನಿಮಿಷ ಆ ಕಣ್ಣು. ಸ್ಕ್ರಿಪ್ಟ್ ಬರೆಯುವಾಗ ಟೈಪಿಂಗ್ ಅನ್ನು ಮಾತ್ರ ಯಂತ್ರಕ್ಕೆ ಕೊಟ್ಟೆ. ಕಣ್ಣನ್ನು ಯಾರಿಗೂ ಕೊಟ್ಟಿರಲಿಲ್ಲ.

ಹೊಸ ಸ್ಕ್ರಿಪ್ಟ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಸಾಲು ಈ ಕಣ್ಣಿಗೇ ಹೋಗಿದೆ. ಯಾವ ಕಾಲಂನಲ್ಲೇ ಆಗಲಿ ಕಾಣದ ಅಕ್ಷರ ಸಿಕ್ಕರೆ ನಿಲ್ಲುತ್ತದೆ, ತಾನೇ ತಿದ್ದುವುದಿಲ್ಲ. ವಿಳಾಸಗಳನ್ನೆಲ್ಲ ಸಣ್ಣಕ್ಷರಕ್ಕೆ ಇಳಿಸಿ ಎರಡು ಸಲ ಬಂದದ್ದು ಇದೆಯೇ ಅಂತ ನೋಡುತ್ತದೆ. ಅಟ್ ಚಿಹ್ನೆಯ ಎಡಗಡೆ 64 ಅಕ್ಷರ ಮೀರಿದರೆ ಒಪ್ಪುವುದಿಲ್ಲ. ಸಿಬ್ಬಂದಿ ಸಂಖ್ಯೆಯ ಉದ್ದ ಕಡಿಮೆ ಬಂದರೆ ಕೇಳುತ್ತದೆ, ಯಾಕೆಂದರೆ ಸ್ಪ್ರೆಡ್‌ಶೀಟ್ ಮುಂದಿನ ಸೊನ್ನೆಗಳನ್ನು ನುಂಗಿ 00417 ಅನ್ನು 417 ಮಾಡುತ್ತದೆ. ಸುಮ್ಮನೆ ಓಡಿಸಿದರೆ ಏನೇನು ಮಾಡುತ್ತೇನೆ ಅಂತ ತೋರಿಸುತ್ತದೆ, ಅಷ್ಟೇ. ನಿಜಕ್ಕೂ ಮಾಡು ಅಂತ ಬೇರೆಯಾಗಿ ಹೇಳಬೇಕು. ಮಾಡಿದ ಮೇಲೆ ಪ್ರತಿ ಖಾತೆಗೂ ಆ ಪಾಸ್‌ವರ್ಡ್‌ನಿಂದಲೇ ಐಮ್ಯಾಪ್ (ಮೇಲ್ ಓದುವ ದಾರಿ) ಲಾಗಿನ್ ಮಾಡಿ ನೋಡುತ್ತದೆ. ಒಳಗೆ ಹೋಗಲು ಆದರೆ ಮಾತ್ರ 'ತೆರೆದಿದೆ' ಎಂಬ ಲೆಕ್ಕಕ್ಕೆ ಸೇರುತ್ತದೆ.

ಒಂದು ಆಸೆಯನ್ನು ಕಷ್ಟಪಟ್ಟು ಬಿಟ್ಟೆ. ಖಾತೆ ಇಲ್ಲದಿದ್ದರೆ ಸೇರಿಸು, ಇದ್ದರೆ ಹೊಸ ಮೌಲ್ಯ ಬರೆ ಎಂದು ಒಂದೇ ಎಸ್‌ಕ್ಯೂಎಲ್ ವಾಕ್ಯದಲ್ಲಿ ಹೇಳಬಹುದು. ಎಷ್ಟು ಸಲ ಓಡಿಸಿದರೂ ಫಲ ಒಂದೇ ಅನಿಸುತ್ತದೆ. ಆದರೆ ಎರಡನೇ ಸಲ ಓಡಿಸಿದಾಗ, ನಡುವೆ ಪಾಸ್‌ವರ್ಡ್ ಬದಲಿಸಿಕೊಂಡವರೆಲ್ಲ ಮತ್ತೆ ಚೀಟಿಯ ಪಾಸ್‌ವರ್ಡ್‌ಗೆ ಬೀಳುತ್ತಾರೆ. ಹಾಗಾಗಿ ಇರುವ ಖಾತೆಯ ಹೆಸರು, ಕೋಟಾ ಬದಲಾಗಬಹುದು. ಹ್ಯಾಶ್ ಅನ್ನು ಮಾತ್ರ ಈ ಸ್ಕ್ರಿಪ್ಟ್ ಮುಟ್ಟುವುದಿಲ್ಲ.

ಮೂರು ತಿಂಗಳು ಕಳೆದ ಮೇಲೆ ಉಳಿದರ್ಧ ಕೆಲಸ ಬಂತು. ಬಿಟ್ಟುಹೋದವರ ಖಾತೆ ಮುಚ್ಚುವುದು. ಸಿಬ್ಬಂದಿ ವಿಭಾಗದಿಂದ ಈಗ ಇರುವವರ ಪಟ್ಟಿ ತರಿಸಿದೆ. ಟೇಬಲ್‌ನಲ್ಲಿ ಇದ್ದು ಪಟ್ಟಿಯಲ್ಲಿ ಇಲ್ಲದವರು ಹೋದವರು, ಲೆಕ್ಕ ಸುಲಭ. ಆದರೆ ತೆರೆಯುವ ತಪ್ಪಿಗಿಂತ ಮುಚ್ಚುವ ತಪ್ಪು ದೊಡ್ಡದು ಅನಿಸಿ ಒಂದು ಮಿತಿ ಇಟ್ಟಿದ್ದೆ. ಒಟ್ಟು ಖಾತೆಗಳಲ್ಲಿ ನೂರಕ್ಕೆ ಮೂರಕ್ಕಿಂತ ಜಾಸ್ತಿ ಮುಚ್ಚಬೇಕಾಗಿ ಬಂದರೆ ಏನೂ ಮಾಡದೆ ನಿಲ್ಲಬೇಕು. ಓಡಿಸಿದ ಮೊದಲ ಸಲವೇ ನಿಂತಿತು. ಮುಚ್ಚಬೇಕಾದವರು 197.

ಹೆಸರುಗಳನ್ನು ನೋಡಿದರೆ ಬಹುತೇಕ ಒಂದೇ ವಿಭಾಗದವರು. ಅವರಲ್ಲಿ ಒಬ್ಬರು ಆಗ ನನ್ನ ಎದುರಿನ ಸಾಲಿನಲ್ಲೇ ಕೂತು ಕೆಲಸ ಮಾಡುತ್ತಿದ್ದರು. ಸ್ಪ್ರೆಡ್‌ಶೀಟ್‌ನಲ್ಲಿ ಎರಡು ಹಾಳೆ ಇತ್ತಂತೆ. ಸಿಎಸ್‌ವಿಗೆ ಸೇವ್ ಮಾಡಿದರೆ ತೆರೆದಿರುವ ಹಾಳೆ ಒಂದೇ ಹೋಗುತ್ತದೆ. ಎರಡನೇ ಹಾಳೆಯ ಜನ ಪಟ್ಟಿಯಿಂದ ಮಾಯ. ಪಟ್ಟಿಯಲ್ಲಿ ಇಲ್ಲ ಎಂದರೆ ಸಂಸ್ಥೆಯಲ್ಲಿ ಇಲ್ಲ ಎಂದು ಅರ್ಥ ಮಾಡಿಕೊಂಡ ಸ್ಕ್ರಿಪ್ಟ್, ಮಿತಿ ಇಲ್ಲದಿದ್ದರೆ ಒಂದು ಇಡೀ ವಿಭಾಗವನ್ನು ಹೊರಗೆ ಹಾಕುತ್ತಿತ್ತು.

ಮುಚ್ಚುವುದು ಅಂದರೆ ಏನು ಎನ್ನುವುದಕ್ಕೂ ನಾವು ಅಲ್ಲಿಯವರೆಗೆ ಸರಿಯಾಗಿ ತಲೆ ಕೊಟ್ಟಿರಲಿಲ್ಲ. ಟೇಬಲ್‌ನಲ್ಲಿ 'ಚಾಲ್ತಿ' ಎಂಬ ಒಂದೇ ಕಾಲಂ. ಅದನ್ನು ಸೊನ್ನೆ ಮಾಡಿದರೆ ಡವ್‌ಕಾಟ್ ಲಾಗಿನ್ ಕೊಡುವುದಿಲ್ಲ. ಆದರೆ ಆಗಲೇ ಒಳಗಿರುವವರು? ಫೋನ್‌ನಲ್ಲಿ ತೆರೆದಿರುವ ಐಮ್ಯಾಪ್ ಸಂಪರ್ಕ ತಾನಾಗಿ ಕಡಿಯುವುದಿಲ್ಲ. ಅದಕ್ಕೆ ಡವ್‌ಅಡ್ಮ್ ಕಿಕ್ ಬೇಕು. ಆಥ್ ಕ್ಯಾಶ್ ಕೂಡ ಖಾಲಿ ಮಾಡಬೇಕು, ಇಲ್ಲದಿದ್ದರೆ ಹಳೆಯ ಪಾಸ್‌ವರ್ಡ್ ಇನ್ನೊಂದು ಗಂಟೆ ನಡೆಯಬಹುದು. ಕ್ರಮವೂ ಮುಖ್ಯ. ಮೊದಲು ಟೇಬಲ್, ಆಮೇಲೆ ಕ್ಯಾಶ್, ಕೊನೆಗೆ ಕಿಕ್. ಕಿಕ್ ಅನ್ನು ಮೊದಲು ಮಾಡಿದರೆ ಫೋನ್ ಮರುಕ್ಷಣವೇ ಮತ್ತೆ ಒಳಗೆ ಬಂದು ಕೂರುತ್ತದೆ.

ಇನ್ನು ಬರುವ ಮೇಲ್. ಪೋಸ್ಟ್‌ಫಿಕ್ಸ್ ಕೇಳುವ ಪ್ರಶ್ನೆಯಲ್ಲೂ 'ಚಾಲ್ತಿ' ಇದ್ದರೆ, ಕಳಿಸಿದವರಿಗೆ ಅಂಥ ವಿಳಾಸ ಇಲ್ಲ ಎಂದು 550 ಎಂಬ ದೋಷ ಸಂಖ್ಯೆ ವಾಪಸ್ ಹೋಗುತ್ತದೆ. ಇಲ್ಲದಿದ್ದರೆ ಯಾರೂ ಓದದ ಪೆಟ್ಟಿಗೆಗೆ ಮೇಲ್ ತುಂಬುತ್ತಲೇ ಇರುತ್ತದೆ, ಕಳಿಸಿದವರು ತಲುಪಿತು ಅಂದುಕೊಳ್ಳುತ್ತಾರೆ. ನಮ್ಮಲ್ಲಿ ಎರಡನೆಯದು ನಡೆಯುತ್ತಿತ್ತು. ಅದಕ್ಕಿಂತ ಕೆಟ್ಟದ್ದು, ಬಂದ ಮೇಲ್ ಏನು ಮಾಡಬೇಕು ಅಂತ ಬಳಕೆದಾರರೇ ಬರೆದಿಡುವ ಸೀವ್ ಸ್ಕ್ರಿಪ್ಟ್‌ಗಳದು. ಯಾರೋ ಕೆಲಸದಲ್ಲಿದ್ದಾಗ, ಬಂದ ಮೇಲ್ ಎಲ್ಲವೂ ತಮ್ಮ ಸ್ವಂತ ವಿಳಾಸಕ್ಕೆ ಹೋಗಲಿ ಅಂತ ಹಾಕಿಕೊಂಡಿದ್ದರೆ, ಲಾಗಿನ್ ನಿಲ್ಲಿಸಿದರೂ ಅದು ನಡೆಯುತ್ತಲೇ ಇರುತ್ತದೆ. ಮೇಲ್ ಪೆಟ್ಟಿಗೆಗೆ ಬಿದ್ದಾಗ ಸೀವ್ ಓಡುತ್ತದೆ, ಅದಕ್ಕೆ ಯಾರ ಲಾಗಿನ್ನೂ ಬೇಡ. ಹಿಂದೆ ಕೈಯಿಂದ ಮುಚ್ಚಿದ್ದ ಖಾತೆಗಳಲ್ಲಿ ಇಂಥವು ನಾಲ್ಕು ಸಿಕ್ಕವು. ಆಗ ಮುಚ್ಚಿದ್ದು ನಾವೇ, ಆದ್ದರಿಂದ ಇಲ್ಲಿ ಕಣ್ಣಿನ ಪರವಾಗಿ ವಾದಿಸುವ ಹಾಗೂ ಇಲ್ಲ. ಈಗ 'ಲಾಗಿನ್' ಮತ್ತು 'ಸ್ವೀಕಾರ' ಎರಡು ಬೇರೆ ಕಾಲಂ. ಮುಚ್ಚುವಾಗ ಸೀವ್ ಸ್ಕ್ರಿಪ್ಟನ್ನೂ ನಿಷ್ಕ್ರಿಯ ಮಾಡುತ್ತೇವೆ. ಬೇರೆ ವಿಳಾಸಕ್ಕೆ ಬಂದ ಮೇಲ್ ಇವರಿಗೂ ಕಳಿಸುವ ಏಲಿಯಾಸ್ ಪಟ್ಟಿಗಳಿಂದ ವಿಳಾಸ ತೆಗೆಯುತ್ತೇವೆ. ಪೆಟ್ಟಿಗೆಯನ್ನು ಮಾತ್ರ ಸ್ಕ್ರಿಪ್ಟ್ ಅಳಿಸುವುದಿಲ್ಲ. ಅದಕ್ಕೆ ಮನುಷ್ಯರೇ ಬೇಕು ಅಂತ ಇಟ್ಟಿದ್ದೇನೆ.

ಎರಡೂ ಹಾಳೆ ಸೇರಿಸಿದ ಪಟ್ಟಿ ಮರುದಿನ ಬಂತು. ಈ ಸಲ ಮುಚ್ಚಬೇಕಾದವರು 31, ಮಿತಿಯ ಒಳಗೇ. ಒಂದೊಂದು ಹೆಸರನ್ನೂ ಸಿಬ್ಬಂದಿ ವಿಭಾಗದವರ ಜೊತೆ ಫೋನ್‌ನಲ್ಲಿ ಓದಿ ನೋಡಿದೆವು. ಇಪ್ಪತ್ತೆಂಟಕ್ಕೆ ಹೌದು, ಹೋಗಿದ್ದಾರೆ ಅಂದರು. ಉಳಿದ ಮೂರಕ್ಕೆ "ಇವರು ಯಾರು ಸರ್? ನಮ್ಮಲ್ಲಿ ಯಾವತ್ತೂ ಇರಲೇ ಇಲ್ಲ" ಅಂದರು.

ಆ ಶುಕ್ರವಾರ ನಾನು ಪ್ರಯೋಗಕ್ಕೆ ತೆರೆದ ಮೂರು ಖಾತೆಗಳು. ಮೂರಕ್ಕೂ ಒಂದೇ ಪಾಸ್‌ವರ್ಡ್, ಆರು ಅಕ್ಷರ. ಲಾಗ್ ತೆಗೆದು ನೋಡಿದೆ. ಹೊರಗಿನಿಂದ ಆ ಹೆಸರುಗಳ ಮೇಲೆ ಪ್ರಯತ್ನ ನಡೆದಿತ್ತು, ಒಳಗೆ ಯಾರೂ ಬಂದಿರಲಿಲ್ಲ. ಅವನ್ನು ಪಟ್ಟಿಯಲ್ಲಿ ಮೊದಲು ಮುಚ್ಚಿದೆ.